ಎಂಜಿನ್ನಿಗೂ ಒಂದು ಟಾನಿಕ್

ಕಾರು ಇಟ್ಟುಕೊಂಡವರು ಇರುವವರೆಗೆ ಊರಲ್ಲಿ ನಗುವಿಗೆ ಬರವಿಲ್ಲ. ಎಪ್ಪತ್ತರ ದಶಕದ ಕೊನೆಗೆ ನಾನು ಉಡುಪಿಯ ಒಂದು ಆಟೊ ಸ್ಪೇರ್ಸ್ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕೆ ನಿಂತೆ. ಎಂಜಿನ್ ಆಯಿಲಿಗೆ ಬೆರೆಸುವ ಸಣ್ಣ ಡಬ್ಬಿಗಳು ಆಗ ಹೊಸತು. ಒಂದು ಹೊಗೆ ನಿಲ್ಲಿಸುತ್ತದಂತೆ, ಇನ್ನೊಂದು ಒಳಗಿನ ಮಸಿ ತೊಳೆಯುತ್ತದಂತೆ, ಮತ್ತೊಂದು ಸವೆತ ತಡೆಯುತ್ತದಂತೆ. ನಾವು ಎಲ್ಲದಕ್ಕೂ ಟಾನಿಕ್ ಎಂದೇ ಹೇಳುತ್ತಿದ್ದದ್ದು. ಯಾವುದು ಒಳ್ಳೆಯದು ಎಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಖಡಾಖಂಡಿತವಾಗಿ ಹೇಳುತ್ತಿದ್ದರು.

ಕೆಂಪು ಡಬ್ಬಿ, ನೀಲಿ ಡಬ್ಬಿ

ಮಣಿಪಾಲದ ಒಬ್ಬರು ಪ್ರೊಫೆಸರು, ಉಡುಪಿಯ ಒಬ್ಬರು ವಕೀಲರು. ಇಬ್ಬರಿಗೂ ಹಳೇ ಫಿಯೆಟ್. ಪ್ರೊಫೆಸರದು ಕೆಂಪು ಡಬ್ಬಿ, ವಕೀಲರದು ನೀಲಿ.

"ನಿಮ್ಮದು ಬರೀ ಬಣ್ಣದ ನೀರು ಮಾರಾಯ್ರೆ," ಎಂದರು ವಕೀಲರು.

"ಹಾಗಾದರೆ ಕಾರ್ಕಳಕ್ಕೆ ಹೋಗಿ ಬರುವ. ಯಾರ ಎಂಜಿನ್ ಮೆತ್ತಗೆ ಓಡುತ್ತದೆ ನೋಡಿಯೇ ಬಿಡುವ."

ಒಂದು ಭಾನುವಾರ ಹೊರಟೆವು. ತೀರ್ಪು ಕೊಡಲು ಪ್ರೊಫೆಸರ ಕಾರಿನಲ್ಲಿ ನಾನು. ಹಿರಿಯಡ್ಕ ದಾಟಿದ್ದೇ ನಮ್ಮ ಕಾರು ನಿಂತಿತು. ವಕೀಲರು ಹಾರ್ನ್ ಬಾರಿಸುತ್ತಾ, ಕೈಬೀಸುತ್ತಾ ಮುಂದೆ ಹೋದರು. ನಾವು ನಡೆದುಕೊಂಡು ತಿರುವು ದಾಟಿ ನೋಡಿದರೆ ಅವರದೂ ಅಲ್ಲೇ ನಿಂತಿದೆ! ಕಾರು ಹಗುರ ಇರಲಿ ಎಂದು ಇಬ್ಬರೂ ಅಳೆದೂ ಸುರಿದೂ ಪೆಟ್ರೋಲ್ ಹಾಕಿಸಿದ್ದರು.

ವಕೀಲರು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದರು. ಪ್ರೊಫೆಸರು ಮಾತ್ರ ನನ್ನ ಹೆಗಲು ತಟ್ಟಿ ಹೇಳಿದರು: "ಆದರೂ ನಮ್ಮದು ಎಷ್ಟು ಮೆತ್ತಗೆ ನಿಂತಿತು ನೋಡಿದಿಯಾ? ಅದು ಕೆಂಪು ಡಬ್ಬಿಯ ಗುಣ."

ಶಿರ್ವದ ಬಾಯಮ್ಮ

ಶಿರ್ವದಲ್ಲಿ ಒಬ್ಬರು ವಯಸ್ಸಾದ ಕ್ರಿಶ್ಚಿಯನ್ ಹೆಂಗಸು, ಊರಿಗೆಲ್ಲ ಬಾಯಮ್ಮ. ಅವರ ಮಗ ಗಲ್ಫಿನಿಂದ ರಜೆಗೆ ಬಂದಾಗ ಎರಡು ಡಬ್ಬಿ ತಂದಿದ್ದ. ಅಮ್ಮನ ಮೊಣಗಂಟಿಗೆ ಹಚ್ಚಲು ಎಣ್ಣೆ, ಕಾರಿನ ಎಂಜಿನ್ನಿಗೆ ಟಾನಿಕ್. ಎರಡರ ಮೇಲೂ ಇದ್ದದ್ದು ಅರಬಿ ಅಕ್ಷರ. ಮಗ ಹಿಂದೆ ಹೋದ ಮೇಲೆ ಬಾಯಮ್ಮ ಒಂದು ಖಾಲಿ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬಂದರು.

"ಗಂಟಿಗೆ ಹಚ್ಚುವ ಎಣ್ಣೆ ಮುಗಿಯಿತು. ಇಂಥದ್ದು ಉಂಟಾ?"

ಮೂಸಿ ನೋಡಿದೆ. "ಬಾಯಮ್ಮ, ಇದು ಎಂಜಿನ್ನಿನದ್ದು! ಮೈಗೆ ಹಚ್ಚಬೇಡಿ."

"ಹೌದಾ? ಹಾಗಾದರೆ ಮಗ ಕಾರಿಗೆ ಸುರಿದದ್ದು ಎಂತ?"



"ಕಾರು ಹೇಗುಂಟು?" ಎಂದು ಹೆದರುತ್ತಲೇ ಕೇಳಿದೆ.

"ಒಳ್ಳೇದುಂಟು," ಎಂದರು ಬಾಯಮ್ಮ. "ಅದಕ್ಕೆ ಗಂಟುನೋವು ಎಂತದೂ ಇಲ್ಲ."

ನನ್ನ ದಿಬ್ಬಣ

ನನ್ನ ಮದುವೆ ನಿಶ್ಚಯವಾದದ್ದು ಕಾರ್ಕಳದ ಹುಡುಗಿಯೊಟ್ಟಿಗೆ. ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯವರು ಬಾಡಿಗೆ ಕಾರಿನ ಡ್ರೈವರ್. ನನ್ನ ಅಮ್ಮನನ್ನು ಹೆರಿಗೆಗೆ ಕರೆದುಕೊಂಡು ಹೋದದ್ದೂ ಅವರೇ. ಆದರೆ ಅವರ ಕಾರು ಹೋದ ಮೇಲೆ ರಸ್ತೆ ಕಾಣಬೇಕಾದರೆ ಸ್ವಲ್ಪ ಕಾಯಬೇಕು, ಅಷ್ಟು ಹೊಗೆ. ನಿಶ್ಚಿತಾರ್ಥದ ದಿನ ಹುಡುಗಿಯ ಸೋದರಮಾವ ಕೆಮ್ಮುತ್ತಾ ಹೇಳಿಯೇ ಬಿಟ್ಟರು: "ಮದುವೆಗೆ ಬೇರೆ ಕಾರಿನಲ್ಲಿ ಬನ್ನಿ."

ಡ್ರೈವರಣ್ಣನಿಗೆ ಊಟ ಸೇರಲಿಲ್ಲ. ಅವರನ್ನು ಬಿಟ್ಟು ಹೋಗಲು ನನಗೂ ಮನಸ್ಸಿಲ್ಲ. ಮರುದಿನವೇ ಅವರು ಅಂಗಡಿಗೆ ಬಂದು, ಹೊಗೆ ನಿಲ್ಲಿಸುವ ಮೂರು ಜಾತಿಯ ಡಬ್ಬಿಗಳನ್ನು ಸಾಲಾಗಿ ಇಡಿಸಿದರು.

"ಯಾವುದಾದರೂ ಒಂದು ಸಾಕು ಅಣ್ಣ," ಎಂದೆ.

"ಮದುವೆ ನಿನ್ನದು ಮಾರಾಯ! ಒಂದು ಸಾಕಾ?"

ಮೂರನ್ನೂ ಸುರಿದರು. ಆಯಿಲ್ ಬೆಲ್ಲದ ಪಾಕ ಆಯಿತು. ಮದುವೆಯ ಬೆಳಿಗ್ಗೆ ಹೊಗೆಯೂ ಇಲ್ಲ, ಸ್ಟಾರ್ಟೂ ಇಲ್ಲ. ನೆಂಟರೆಲ್ಲ ಸೇರಿ ತಳ್ಳಿದ ಮೇಲೆ ಎಂಜಿನ್ ಹಿಡಿಯಿತು. ಕಾರ್ಕಳದಲ್ಲಿ ಹುಡುಗಿಯ ಮನೆಯ ಅಂಗಳದವರೆಗೂ ಒಂದೆಳೆ ಹೊಗೆ ಬರಲಿಲ್ಲ. ಸೋದರಮಾವ ಕಾರಿಗೆ ಒಂದು ಸುತ್ತು ಬಂದು, ಡ್ರೈವರಣ್ಣನ ಕೈ ಕುಲುಕಿದರು.

ತೊಂದರೆಯಾದದ್ದು ಹೊರಡುವಾಗ. ದಿಬ್ಬಣದ ಬಸ್ಸು ಮುಂದೆ ಹೋಗಿತ್ತು. ಕಾರಿನಲ್ಲಿ ನಾನು, ಮದುಮಗಳು ಮತ್ತು ಅವಳ ಸೋದರತ್ತೆ. ಕಾರು ಮತ್ತೆ ಮೌನ. ತಳ್ಳಲು ಜನ ಸಾಲದೆ ನಾನೂ ಪಂಚೆ ಮೇಲೆ ಕಟ್ಟಿ ಇಳಿದೆ. ಇಳಿಜಾರಿನಲ್ಲಿ ಎಂಜಿನ್ ಹಿಡಿಯಿತು. ಕಾರು ಹೊರಟಿತು. ನಿಲ್ಲಲಿಲ್ಲ!

"ಅಣ್ಣ, ನಾನು! ನಾನು!" ಎಂದು ಬೊಬ್ಬೆ ಹಾಕುತ್ತಾ ಓಡಿದೆ.

"ನಿಲ್ಲಿಸಿದರೆ ಇದು ಮತ್ತೆ ಹೊರಡುವುದಿಲ್ಲ! ನೀನು ಬಸ್ಸಿಗೆ ಬಾ!" ಎಂದು ಅವರು ಕಿಟಕಿಯಿಂದ ಕೂಗಿ, ತಿರುವಿನಲ್ಲಿ ಮರೆಯಾದರು.

ಸರ್ವಿಸ್ ಬಸ್ಸು ಹತ್ತಿದೆ. ಬಾಸಿಂಗ, ಹಾರ ಎಲ್ಲ ನೋಡಿದ ಕಂಡಕ್ಟರ್ ಟಿಕೆಟ್ ಹರಿಯುವುದನ್ನೇ ಮರೆತ. "ಮದುಮಗ ಒಬ್ಬನೇ ಎಂತ?"

"ಹೆಂಡತಿ ಮುಂದೆ ಹೋಗಿದ್ದಾಳೆ."

"ಈಗಲೇ?" ಎಂದ ಅವ.

ಕಾಪುವಿಗೆ ಮುಟ್ಟುವಾಗ ಮನೆಯ ಎದುರು ಕಾರು ಇನ್ನೂ ಚಾಲೂ ಇತ್ತು. ಆಫ್ ಮಾಡಲು ಡ್ರೈವರಣ್ಣನಿಗೆ ಧೈರ್ಯ ಇಲ್ಲ. ಅಮ್ಮ ಆರತಿ ಹಿಡಿದು ನಿಂತಿದ್ದರು. ಮದುಮಗಳು ಹೊಸ್ತಿಲ ಹೊರಗೆ ಕಾಯುತ್ತಿದ್ದಳು. ಈ ಮದುವೆ ಹೊಸ್ತಿಲಿನಲ್ಲೇ ಮುಗಿಯಿತು ಎಂದುಕೊಂಡು ತಲೆ ತಗ್ಗಿಸಿ ಅವಳ ಪಕ್ಕ ನಿಂತೆ.

ಅವಳು ಮೆಲ್ಲಗೆ ನನ್ನತ್ತ ವಾಲಿದಳು. ಹೆಂಡತಿಯಾಗಿ ನನ್ನೊಡನೆ ಅವಳು ಆಡಿದ ಮೊದಲ ಮಾತು ಇದು:

"ಒಂದು ಚೂರು ಹೊಗೆ ಬರಲಿಲ್ಲ, ಗೊತ್ತುಂಟಾ?"