ನಾಯಿಯ ವಾಸನೆ, ಮಾಸ್ತರನ ನ್ಯಾಯ

ನಮ್ಮ ಕಡೆಯವರು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ನಾನು ತಿಕೋಟಾದ ಕನ್ನಡ ಸಾಲೆಯ ಮಾಸ್ತರ. ನಾಯಿಗಳ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಂಬಿದ್ದೆ. ಯಾಕೆಂದರೆ ಬಿಜಾಪುರದಿಂದ ತಂದ ಭಜಿ ಪೊಟ್ಟಣದ ಕಾಗದದಲ್ಲಿ ಅರ್ಧ ಲೇಖನ ಓದಿದ್ದೆ. ನಾಯಿಗೆ ತನ್ನ ಮೈವಾಸನೆ ಗೊತ್ತಂತೆ. ತನ್ನದನ್ನು ಅದು ಮೂಸುವುದಿಲ್ಲ, ಬೇರೆಯವರದನ್ನು ಬಿಡುವುದಿಲ್ಲ. ಉಳಿದರ್ಧ ಎಣ್ಣೆಯಲ್ಲಿ ನೆನೆದುಹೋಗಿತ್ತು. ಓದಿದಷ್ಟೇ ಸಾಕೆನಿಸಿತು!

ಆಗಲೇ ಘೋಣಸಗಿಯಿಂದ ಕುರಿ ಕಾಯುವ ಮಾಳಪ್ಪ ಬಂದ. ಎರಡು ತಿಂಗಳ ಹಿಂದೆ ಕಳೆದುಹೋದ ಅವನ ನಾಯಿ, ನಮ್ಮ ಓಣಿಯ ಕಿರಾಣಿ ಅಂಗಡಿ ಸಂಗಪ್ಪನ ಬಾಗಿಲಿಗೆ ಕಟ್ಟಿದ್ದು ಕಂಡಿತ್ತು.

“ತ್ವಾಳ ಮೂರು ಮರಿ ಒಯ್ದಾವ್ರಿ ಮಾಸ್ತರ. ಈ ನಾಯಿ ಇಲ್ದ ನನ್ನ ಕುರಿ ಉಳಿಯಂಗಿಲ್ರಿ,” ಎಂದು ಕಣ್ಣೊರೆಸಿಕೊಂಡ.

“ಇದು ನಮ್ಮ ಅಳಿಯ ಹೊನವಾಡದಿಂದ ತಂದು ಕೊಟ್ಟಿದ್ದರಿ. ಹೆಂಗ ಬಿಡ್ಲಿ?” ಎಂದ ಸಂಗಪ್ಪ.

ನಾಯಿ ಇಬ್ಬರಿಗೂ ಬಾಲ ಅಲ್ಲಾಡಿಸುತ್ತಿತ್ತು. ಮಾಳಪ್ಪನನ್ನು ನೋಡಿ ಪಾಪ ಎನಿಸಿತು. ಗಂಟಲು ಸರಿಪಡಿಸಿಕೊಂಡು ನ್ಯಾಯಕ್ಕೆ ಕುಳಿತೆ.

“ನಿನ್ನ ಕಡೆ ಇದ್ದಾಗ ನಾಯಿ ಮಲಗತಿದ್ದ ಕಂಬಳಿ ತಗೊಂಡು ಬಾ ಮಾಳಪ್ಪ. ರವಿವಾರ ಸಂಜೀಕ ಪರೀಕ್ಷೆ. ತನ್ನ ವಾಸನಿ ಅಂತ ಅದನ್ನ ಮೂಸದಿದ್ರ ನಾಯಿ ನಿಂದು. ಮೂಸಿದ್ರ ಸಂಗಪ್ಪಂದು.”

ಇಬ್ಬರೂ ಒಪ್ಪಿದರು. ರವಿವಾರ ಮುಂಜಾನೆಯೇ ಕಂಬಳಿ ಬಂತು. ಸಾಕ್ಷಿ ನ್ಯಾಯಾಧೀಶನ ವಶದಲ್ಲೇ ಇರತಕ್ಕದ್ದೆಂದು ಅದನ್ನು ನಮ್ಮ ಪಡಸಾಲೆಯ ಗೂಟಕ್ಕೆ ಹಾಕಿದೆ. ಮಧ್ಯಾಹ್ನ ರೊಟ್ಟಿ ತಿಂದು, ಸೆಕೆಗೆ ಅಂಗಿ ಕಳಚಿ, ಹೆಂಡತಿ ಗೌರವ್ವ ಹಾಸಿಕೊಟ್ಟಲ್ಲಿ ಎರಡು ತಾಸು ನಿದ್ದೆ ಹೊಡೆದೆ.

ಸಂಜೆ ನಮ್ಮ ಕಟ್ಟೆಯ ಮುಂದೆ ಓಣಿಯೇ ಸೇರಿತು. ಕಂಬಳಿ ಹಾಸಿ, ನಾಯಿಯ ಹಗ್ಗ ಬಿಚ್ಚಿದೆವು. ಅದು ಮೂಸಿತು. ಈ ತುದಿಯಿಂದ ಆ ತುದಿಗೆ ಮೂಸಿತು. ತಿರುಗಿ ಬಂದು ಮತ್ತೆ ಮೂಸಿತು! ಮಾಳಪ್ಪನ ಮುಖ ಬಾಡಿತು. ನಾನು ತೀರ್ಪಿಗೆ ಬಾಯಿ ತೆರೆಯುವಷ್ಟರಲ್ಲಿ ನಾಯಿ ನೇರ ನನ್ನ ಬಳಿ ಬಂತು. ಮೂಸಲೇ ಇಲ್ಲ. ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿತು.

ಸಂಗಪ್ಪ ಗಂಭೀರವಾಗಿ ಹೇಳಿದ: “ನಿಮ್ಮನ್ನ ಮೂಸಲಿಲ್ಲಲ್ರಿ. ನಿಮ್ಮ ಶಾಸ್ತ್ರದ ಪ್ರಕಾರ ಆ ನಾಯಿ ನೀವ ಆದ್ರಿ, ಮಾಸ್ತರ!”

ಗೌರವ್ವ ನನ್ನ ಬೆನ್ನ ಹಿಂದಿನ ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು: “ಏನ್ರೀ, ಮಧ್ಯಾಹ್ನ ನಿಮಗ ಹಾಸಿದ್ದು ಅದ ಕಂಬಳಿ ನೋಡ್ರಿ.”

“ನಾಯಿ ಮಲಗಿದ್ದು ಅದು!”

“ನನಗೇನ್ ಗೊತ್ತರಿ? ಕಂಬಳಿಗೆ ಮೈಲಿಗಿ ಎಲ್ಲಿರತೈತಿ?”

ಹೌದು, ನಮ್ಮಲ್ಲಿ ಕಂಬಳಿಗೆ ಮೈಲಿಗೆಯಿಲ್ಲ. ಯಾರು ಕೂತೆದ್ದರೂ ಅದು ಮಡಿಯೇ. ಇಷ್ಟು ಗೊತ್ತಿದ್ದೂ ನಾನು ಗೌರವ್ವನಿಗೊಂದು ಮಾತು ಹೇಳದೆ ಅದನ್ನು ಬರೀ ಗೂಟಕ್ಕೆ ಹಾಕಿದ್ದೆ.

ಸುಮ್ಮನಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು, ಮಾಳಪ್ಪನ ನಾಯಿ ಹೋಗುತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾದವು. ಓಣಿಯವರ ಕಡೆ ತಿರುಗಿ ಹೇಳಿದೆ: “ನಾಯಿ ಕಂಬಳಿ ಮ್ಯಾಲ ನಾನ ಮಲಗಿದ್ನಿ. ಅದು ಮೂಸಿದ್ದು ನನ್ನ ವಾಸನಿ.”

ಮೊದಲು ಯಾರೂ ನಗಲಿಲ್ಲ. ಆಮೇಲೆ ಯಾರೂ ನಿಲ್ಲಿಸಲಿಲ್ಲ!

ಮಾಳಪ್ಪ ಮಾತ್ರ ನಗದೆ, ಕಂಬಳಿ ಜಾಡಿಸಿ ಹೆಗಲಿಗೆ ಹಾಕಿಕೊಂಡು ಘೋಣಸಗಿಯ ದಾರಿ ಹಿಡಿದ. ಕರೆಯಲೂ ಇಲ್ಲ. ನಾಯಿ ನನ್ನ ಕಾಲು ಬಿಟ್ಟೆದ್ದು ಅವನ ಹಿಂದೆ ನಡೆಯಿತು.

“ಹೋಗ್ಲಿ ಬಿಡ್ರಿ, ಅದರ ಮನಿಗೆ ಅದು ಹೊಂಟೈತಿ,” ಎಂದ ಸಂಗಪ್ಪ. ಮೊದಲ ದಿನವೇ ಹಗ್ಗ ಬಿಚ್ಚಿದ್ದರೆ ಮುಗಿಯುತ್ತಿತ್ತು. ಯಾರಿಗೂ ಮಾಸ್ತರ ಬೇಕಾಗಿರಲಿಲ್ಲ.

ಒಳಗೆ ಹೊರಟರೆ ಗೌರವ್ವ ಅಡ್ಡ ನಿಂತಳು. “ಮೊದಲ ಜಳಕಾ ಮಾಡ್ರಿ.”

“ಕಂಬಳಿಗೆ ಮೈಲಿಗಿ ಇಲ್ಲಂದಿ?”

“ಕಂಬಳಿಗಿಲ್ರಿ. ನಿಮಗೈತಿ.”

ಹಿತ್ತಲಲ್ಲಿ ಎರಡು ಕೊಡ ನೀರು ಸುರಿದುಕೊಂಡೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನನ್ನ ತೋಳು ಮೂಸಿದೆ. ಯಾರ ವಾಸನೆಯೋ, ಗೊತ್ತಾಗಲಿಲ್ಲ.