ನಾನು ಗಂಟೆ ಬಾರಿಸಿದ ಬಸ್ಸು

ಮುಂಬಯಿಗೆ ಬಂದ ಆರೇ ತಿಂಗಳಲ್ಲಿ ನಾನು ಮರಾಠಿ ಕಲಿತುಬಿಟ್ಟಿದ್ದೆ. ಯಾರೂ ಕಲಿಸಿರಲಿಲ್ಲ, ಅದೇ ನನ್ನ ಹೆಮ್ಮೆ! ಮರಾಠಿಯೆಂದರೆ ಕನ್ನಡವನ್ನೇ ಸ್ವಲ್ಪ ಗಡುಸಾಗಿ ಹೇಳುವುದು ಎಂಬುದು ನನ್ನ ಘನವಾದ ಸಂಶೋಧನೆಯಾಗಿತ್ತು.

ಆಗ ನನ್ನ ಹೆಂಡತಿ ಶಾರದೆಗೆ ವಿಲೆ ಪಾರ್ಲೆಯ ಒಂದು ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಹಾಜರಿರಬೇಕು, ತಡವಾದರೆ ಕೆಲಸ ಬೇರೆಯವರ ಪಾಲು. ಮೈಸೂರಿನಲ್ಲಿ ಓದು ಮುಗಿಸಿ ಮೂರು ವರ್ಷದಿಂದ ಅವಳು ಕಾದು ಕೂತಿದ್ದ ಮೇಷ್ಟ್ರ ಕೆಲಸ ಅದು.

ಅವತ್ತೇ ಆಕಾಶ ತೂತಾಗಬೇಕೆ! ಸಯನ್ನಿನ ನಮ್ಮ ಚಾಳಿನ ಮೊದಲೆರಡು ಮೆಟ್ಟಿಲು ಮುಳುಗಿದ್ದವು. ಲೋಕಲ್ ಗಾಡಿ ನಿಂತಿತ್ತು. ಬಸ್ಸು ಮಾತ್ರ ಓಡುತ್ತಿದೆ ಎಂದು ಸುದ್ದಿ ಬಂತು.

"ರೀ, ನಾನೊಬ್ಳೇ ಹೋಗ್ತೀನಿ, ನೀವು ಮನೇಲಿರಿ," ಎಂದಳು ಶಾರದೆ.

"ಈ ಮಳೇಲಿ ಒಬ್ಳೇನಾ? ಭಾಷೆ ಬರೋರೊಬ್ರು ಜೊತೇಲಿ ಬೇಡ್ವಾ?"

"ಭಾಷೆ ನನಗೂ ಅಷ್ಟಿಷ್ಟು ಬರತ್ತೆ."

"ನಿಂದು ತರಕಾರಿ ಮರಾಠಿ. ಸುಮ್ನೆ ಬಾ!"

ಬಸ್ಸು ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಯೇ ಕಾಣೆ! ಎಲ್ಲಿ ನೋಡಿದರೂ ನೀರು. ಇನ್ನು ಹಿಂದಕ್ಕೆ ತಿರುಗುತ್ತಾರೆ ಎಂದುಕೊಂಡೆ. ಆದರೆ ಕಂಡಕ್ಟರು ಬೂಟು ಬಿಚ್ಚಿ ಕುತ್ತಿಗೆಗೆ ನೇತುಹಾಕಿಕೊಂಡ, ಟಿಕೆಟ್ಟಿನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡ, ಒಂದು ಬಿದಿರುಕೋಲು ಹಿಡಿದು ತೊಡೆಮಟ್ಟದ ನೀರಿಗೆ ಇಳಿದೇಬಿಟ್ಟ. ಕೋಲಿನಿಂದ ಗುಂಡಿ ತಡವುತ್ತ ಅವನು ಮುಂದೆ, ಅವನ ಬೆನ್ನಿನ ಮೇಲೇ ಕಣ್ಣು ನೆಟ್ಟು ಡ್ರೈವರು ಹಿಂದೆ. ಅಬ್ಬಾ! ಅಷ್ಟು ದೊಡ್ಡ ಬಸ್ಸು ಒಬ್ಬ ಮನುಷ್ಯನ ಹೆಜ್ಜೆ ನಂಬಿಕೊಂಡು ಹೋಗುತ್ತಿತ್ತು. ನಮ್ಮ ಆಫೀಸಿನಲ್ಲಿ ನಾಲ್ಕು ಹನಿ ಬಿದ್ದರೆ ನಾವು ಕಡತ ಮುಚ್ಚುವ ಜನ!

ಅಷ್ಟರಲ್ಲಿ ಕಂಡಕ್ಟರು ಹಿಂದಕ್ಕೆ ತಿರುಗಿ ಕೈಯಾಡಿಸಿ ಕೂಗಿದ: "ಹಳೂ! ಹಳೂ!"

ಮಳೆಯ ಸದ್ದಿನಲ್ಲಿ ನನಗೆ ಕೇಳಿಸಿದ್ದು 'ಹಾಳು! ಹಾಳು!'

ಕನ್ನಡವನ್ನೇ ಗಡುಸಾಗಿ ಹೇಳುವುದು ತಾನೇ ಮರಾಠಿ? ಎಂಜಿನ್ ಹಾಳಾಗಿದೆ, ಬಸ್ಸು ಮುಳುಗುತ್ತದೆ! ಇನ್ನು ಹೆಂಡತಿಯನ್ನು ಉಳಿಸಿಕೊಳ್ಳುವುದು ಗಂಡನ ಧರ್ಮ.

"ಶಾರದಾ, ಏಳು! ಬಸ್ ಹಾಳಾಯ್ತಂತೆ, ಇಳಿ!" ಎಂದು ಕೂಗಿ, ತಲೆಯ ಮೇಲಿನ ಗಂಟೆಯ ಹಗ್ಗವನ್ನು ಜಗ್ಗಿ ಎಳೆದೆ.

"ಅಯ್ಯೋ, ಬೇಡ ರೀ!" ಎಂದಳು ಅವಳು. ತಡವಾಗಿತ್ತು.

ಒಂದು ಸಲ ಗಂಟೆ ಬಾರಿಸಿದರೆ ನಿಲ್ಲಿಸು ಎಂದು ಅರ್ಥ. ವರ್ಷಗಟ್ಟಲೆ ಗಂಟೆಗೆ ಒಗ್ಗಿದ ಡ್ರೈವರನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬಸ್ಸು ನಿಂತಿತು. ಹೊಗೆಯ ಕೊಳವೆಗೆ ನೀರು ನುಗ್ಗಿತು. ಎಂಜಿನ್ ಗೊರಗೊರ ಎಂದು ಸುಮ್ಮನಾಯಿತು.

ಹಿಂದಿನ ಸೀಟಿನಲ್ಲಿ ಉಡುಪಿ ಕಡೆಯ ಹೋಟೆಲಿನ ಭಟ್ಟರೊಬ್ಬರಿದ್ದರು. "ಎಂಥದು ಮಾರಾಯ್ರೆ ನೀವು ಮಾಡಿದ್ದು! ಹಳೂ ಅಂದ್ರೆ ಮೆಲ್ಲ ಅಂತ ಅಲ್ವಾ? ನೀರಲ್ಲಿ ನಿಲ್ಲದೆ ಮೆಲ್ಲ ಹೋದ್ರೆ ಬಸ್ ದಾಟ್ತದೆ. ನಿಂತ್ರೆ ಮುಗೀತು!"

ಅಂದರೆ ಹಾಳಾಗದ ಬಸ್ಸನ್ನು ಹಾಳು ಮಾಡಿದ ಕೀರ್ತಿ ಪೂರ್ತಿ ನನ್ನದೇ! ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಶಾರದೆ ಎಣ್ಣೆಬಟ್ಟೆ ಸುತ್ತಿದ ಸರ್ಟಿಫಿಕೇಟುಗಳನ್ನು ಎದೆಗೆ ಅವಚಿಕೊಂಡು ನೀರನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿದ್ದವು. ನನಗೆ ಆ ನೀರಿನಲ್ಲೇ ಮುಳುಗಿಹೋದರೆ ಸಾಕೆನಿಸಿತು.

ಆಗ ಹಿಂದಿನಿಂದ ಇನ್ನೊಂದು ಬಸ್ಸು ಬಂತು. ಅದರ ಮುಂದೆಯೂ ಕೋಲು ಹಿಡಿದ ಒಬ್ಬ ಪುಣ್ಯಾತ್ಮ! ಅದು ನಿಲ್ಲುವ ಹಾಗಿಲ್ಲ, ಇರುವೆಯ ನಡಿಗೆಯಲ್ಲಿ ನಮ್ಮ ಪಕ್ಕಕ್ಕೇ ಬಂತು. ನಮ್ಮ ಕಂಡಕ್ಟರು ಎರಡು ಬಸ್ಸುಗಳ ನಡುವಿನ ನೀರಿನಲ್ಲಿ ಕಂಬದಂತೆ ನಿಂತು ಮೊದಲು ಶಾರದೆಯತ್ತ ಕೈ ಚಾಚಿದ. "ಯಾ ತಾಯೀ, ಯಾ!" ಎಂದು, ಬನ್ನಿ ಅಕ್ಕಾ ಎಂಬಂತೆ ಕರೆದ. ಅವಳು ಸೀರೆ ಎತ್ತಿಕಟ್ಟಿ ಈ ಮೆಟ್ಟಿಲಿನಿಂದ ಆ ಮೆಟ್ಟಿಲಿಗೆ ಕಾಲಿಟ್ಟಳು. ಪಾದ ಕೂಡ ನೆನೆಯಲಿಲ್ಲ!

ಆಮೇಲೆ ನಾನೂ ಕಾಲೆತ್ತಿದೆ. ಕಂಡಕ್ಟರು ನನ್ನ ಕಾಲರು ಹಿಡಿದ.

"ತುಮ್ಹೀ ನಾಹೀ! ಧಕ್ಕಾ!"

ಈ ಮರಾಠಿ ಚೆನ್ನಾಗಿ ಅರ್ಥವಾಯಿತು. ಇಳಿದು ಬಸ್ಸು ತಳ್ಳಿದೆ.

ಒಂದೂವರೆಗೆ, ಎದೆಮಟ್ಟ ಕೆಸರು ಮೆತ್ತಿಕೊಂಡು ಶಾಲೆ ಮುಟ್ಟಿದೆ. ಶಾರದೆ ವರಾಂಡದಲ್ಲಿ ಬಿಸಿ ಚಹಾ ಕುಡಿಯುತ್ತ ಕೂತಿದ್ದಳು.

"ಸಿಕ್ತು ರೀ ಕೆಲಸ! ಕರೆದವರಲ್ಲಿ ಹೊತ್ತಿಗೆ ಸರಿಯಾಗಿ ಬಂದಿದ್ದು ನಾನೊಬ್ಳೇ ಅಂತೆ."

"ಏನು ಕೇಳಿದ್ರು?"

"ಹೆಡ್‌ಮಿಸ್ಸಿಗೆ ಆಶ್ಚರ್ಯವೋ ಆಶ್ಚರ್ಯ. ಇಂಥಾ ಮಳೇಲಿ ನಿಮ್ಮನ್ನ ಇಲ್ಲೀವರೆಗೆ ಯಾರು ಕರ್ಕೊಂಡು ಬಂದ್ರು ಅಂತ ಕೇಳಿದ್ರು."

ನಾನು ಅಂಗಿ ಕೊಡವಿ ಸ್ವಲ್ಪ ನೆಟ್ಟಗೆ ನಿಂತೆ. "ನೀನೇನಂದೆ?"

"ಬಸ್ಸಿನವರು ಅಂದೆ."