ಒ ಎಂದರೆ ಒಣ

ಹತ್ತೇ ಹತ್ತು ರಾತ್ರಿ ಕೊಡಿ, ಈ ಮಗುವಿನ ಹಾಸಿಗೆಯನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಗರಿಗರಿಯಾಗಿ ಇಡುತ್ತೇನೆ ಎಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದೆ. ನಾಲ್ಕು ಮಕ್ಕಳನ್ನು ಒಣಗಿಸಿದ ಕೈ ಇದು! ಐದನೆಯದು ಯಾವ ಲೆಕ್ಕ?

ಘೋಷಣೆಗೆ ಕಾರಣವಿತ್ತು. ಮೊಮ್ಮಗಳು ಪುಟ್ಟಿಗೆ ಮುಂದಿನ ತಿಂಗಳು ಮೂರು ತುಂಬುತ್ತದೆ. ಹಾಲು ಬಿಟ್ಟಂದಿನಿಂದ ಅವಳು ಮಲಗುವುದು ನನ್ನ ಪಕ್ಕದಲ್ಲೇ. ನಮ್ಮವರು ಹೋದ ಮೇಲೆ ಆ ದೊಡ್ಡ ಮಂಚದ ಎಡಭಾಗ ಖಾಲಿ ಬಿದ್ದಿತ್ತು. ಮೂರಡಿಯೂ ಇಲ್ಲದ ಈ ಹುಡುಗಿ ಅದನ್ನು ತುಂಬಿದ್ದಲ್ಲದೆ, ಅಡ್ಡಡ್ಡ ಮಲಗಿ ನನ್ನ ಬಲಭಾಗದಲ್ಲೂ ಮುಕ್ಕಾಲು ಪಾಲು ವಶಪಡಿಸಿಕೊಂಡಿದ್ದಳು. ಆದರೆ ವಾರದಲ್ಲಿ ನಾಲ್ಕು ದಿನ ಹಾಸಿಗೆ ಒದ್ದೆ. ಡೈಪರ್ ಹಾಕಿದರೆ ತೊಡೆಯೆಲ್ಲ ಕೆಂಪು ಗುಳ್ಳೆ. ಹಾಸಿಗೆಯನ್ನು ಬಾಲ್ಕನಿಗೆ ಹೊತ್ತೂ ಹೊತ್ತೂ ಮಗನ ಸೊಂಟ ಹಿಡಿದುಕೊಂಡಿತ್ತು. ಕೊನೆಗೆ ಸೊಸೆ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಹೊದಿಕೆಯ ಪುಟ್ಟ ಮಂಚವೊಂದನ್ನು ನೋಡಿಬಂದಳು. ಅದನ್ನು ತಮ್ಮ ಕೋಣೆಯಲ್ಲಿ ಹಾಕಿಸಿ ಪುಟ್ಟಿಯನ್ನು ಅಲ್ಲೇ ಮಲಗಿಸುವುದಂತೆ. ನಾನು ಆ ದೊಡ್ಡ ಮಂಚದಲ್ಲಿ ಮತ್ತೆ ಒಬ್ಬಳೇ ಮಲಗುವುದೇ? ಅದಕ್ಕೇ ಹತ್ತು ರಾತ್ರಿಯ ಗಡುವು ಕೇಳಿದ್ದು.

ಸೊಸೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಾಯಿಮಾತು ಅವಳಿಗೆ ನಡೆಯುವುದಿಲ್ಲ. "ಆಯ್ತು ಅತ್ತೆ. ಆದ್ರೆ ದಿನಾ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಬರೆದಿಡಿ" ಅಂದಳು. ಅರವತ್ತು ದಾಟಿದ ಮೇಲೆ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಒಂದು ಪದ ಬರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಆದರೂ ಒಪ್ಪಿಕೊಂಡೆ. ಪೂರ್ತಿ ಪದ ಯಾಕೆ, ಮೊದಲನೆಯ ಅಕ್ಷರ ಬರೆದರೆ ಸಾಕಲ್ಲ!

ನನ್ನ ವಿಧಾನ ಬಹಳ ಶಿಸ್ತಿನದು. ಆರೂವರೆಗೆ ಅರ್ಧ ಲೋಟ ಹಾಲು, ಅದರ ಮೇಲೆ ತೊಟ್ಟು ನೀರಿಲ್ಲ. ಎಂಟೂವರೆಗೆ ಬಚ್ಚಲಿಗೆ ಕರೆದೊಯ್ದು ಕೂರಿಸಿ, ನಾಲಿಗೆಯನ್ನು ಹಲ್ಲಿಗೆ ಒತ್ತಿ "ಸ್ಸ್‌ಸ್‌ಸ್‌ಸ್" ಎನ್ನುವುದು. ಇದು ನನ್ನ ಬ್ರಹ್ಮಾಸ್ತ್ರ. ಈ ಸದ್ದು ಕೇಳಿಸಿದರೆ ಸಾಕು, ನನ್ನ ನಾಲ್ಕು ಮಕ್ಕಳೂ ನಲ್ಲಿ ತಿರುಗಿಸಿದ ಹಾಗೆ ಶುರುಮಾಡುತ್ತಿದ್ದವು. ಪುಟ್ಟಿಯೂ ಹಿಂದೆಯೇ, ಎರಡೇ ವಾರದಲ್ಲಿ ಇದಕ್ಕೆ ಪಳಗಿದ್ದಳು. ನಾನು ಹತ್ತು ಎಣಿಸುವುದರೊಳಗೆ ಕೆಲಸ ಮುಗಿಯುತ್ತಿತ್ತು.

ಮೊದಲ ರಾತ್ರಿ ಒಣ. ನಾನು ಹೆಮ್ಮೆಯಿಂದ ಕ್ಯಾಲೆಂಡರಿನ ಚೌಕದಲ್ಲಿ ದುಂಡಗೆ ಬರೆದೆ. ಎರಡನೆಯ ರಾತ್ರಿ ಒದ್ದೆ. ಅದನ್ನೂ ಅಷ್ಟೇ ದುಂಡಗೆ ಬರೆದೆ. ಮೂರೂ ನಾಲ್ಕೂ ಒದ್ದೆ, ಐದು ಒಣ.

ಈಗ ನನಗೆ ಹಟಕ್ಕಿಂತ ಕುತೂಹಲ ಹೆಚ್ಚಾಯಿತು. ಅದೇ ಲೋಟ, ಅದೇ ಹಾಲು, ಅದೇ ಮಗು. ಒಂದು ದಿನ ಹೀಗೆ, ಒಂದು ದಿನ ಹಾಗೆ ಯಾಕೆ? ಸೆಖೆಯಿರಬಹುದೇ ಎಂದು ಹೊದಿಕೆ ಬದಲಿಸಿದೆ. ಚಳಿಯಿರಬಹುದೇ ಎಂದು ಕಾಲುಚೀಲ ಹಾಕಿದೆ. ತಲೆ ಇಡುವ ದಿಕ್ಕು ತಿರುಗಿಸಿದೆ. ಗೊಂಬೆಯನ್ನು ಪಕ್ಕದಲ್ಲಿ ಮಲಗಿಸಿದೆ, ಗೊಂಬೆಯೂ ನೆನೆಯಿತು. ಒಂದು ರಾತ್ರಿ ಮಂಡಿನೋವಿಗೆ ಕಣ್ಣು ಮುಚ್ಚಲಾಗದೆ ಅಂಗೈಯನ್ನು ಗಂಟೆಗೊಮ್ಮೆ ಹಾಸಿಗೆಗೆ ತಾಗಿಸಿ ನೋಡುತ್ತಲೇ ಇದ್ದೆ. ಬೆಳಗಿನವರೆಗೂ ಒಣ! ಆಹಾ, ಗುಣವಾಯಿತು ಎಂದುಕೊಂಡು ಮರುರಾತ್ರಿ ನೆಮ್ಮದಿಯಾಗಿ ನಿದ್ದೆ ಹೋದೆ. ಎದ್ದಾಗ ನನ್ನ ಸೀರೆಯೂ ಒದ್ದೆ.

ಹತ್ತನೆಯ ಬೆಳಿಗ್ಗೆ ಸೊಸೆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಹರಡಿದಳು. ತುಂಬಾ ಹೊತ್ತು ನೋಡಿದಳು.

"ಅತ್ತೆ, ಇಲ್ಲಿ 'ಒ' ಅಂತಿದೆಯಲ್ಲ, ಏನದು?"

"ಒಣ ಅಂತ."

"ಮತ್ತೆ ಇಲ್ಲಿರೋ 'ಒ'?"

"ಅದು ಒದ್ದೆ."

"ಎರಡೂ ಒಂದೇ ಅಕ್ಷರ ಅಲ್ವಾ ಅತ್ತೆ?"

"ಬರೆಯೋವಾಗ ಬೇರೆ ಬೇರೆಯಾಗೇ ಇತ್ತಮ್ಮ."

ಮಗ ತಿಂಡಿಯ ತಟ್ಟೆ ಬಿಟ್ಟು ಬಗ್ಗಿ ನೋಡಿದ. ಪಾಸಾದರೂ ಒ, ಫೇಲಾದರೂ ಒ, ಇಂಥ ಪರೀಕ್ಷೆ ನನ್ನ ಕಾಲದಲ್ಲಿ ಇರಲಿಲ್ಲವಲ್ಲಮ್ಮ ಎಂದು ನಕ್ಕ. ಹತ್ತು ಚೌಕಗಳಲ್ಲಿ ಹತ್ತು 'ಒ'ಗಳು, ಒಂದಕ್ಕಿಂತ ಒಂದು ದುಂಡಗೆ ನನ್ನನ್ನೇ ನೋಡುತ್ತಿದ್ದವು. ಯಾವುದು ಒಣದ್ದು, ಯಾವುದು ಒದ್ದೆಯದು ಎಂದು ಕೇಳಿದರೆ, ಆಣೆ ಮಾಡಿ ಹೇಳುತ್ತೇನೆ, ನನಗೂ ಗೊತ್ತಾಗಲಿಲ್ಲ.

ಪುಟ್ಟ ಮಂಚವನ್ನು ಇವತ್ತೇ ತರಿಸುತ್ತಾಳೆ ಎಂದುಕೊಂಡೆ. ಬಾಯಿ ಒಣಗಿತು, ಆ ಮನೆಯಲ್ಲಿ ಒಣಗಿದ್ದು ಅದೊಂದೇ. ಆದರೆ ಲ್ಯಾಬಿನವಳಿಗೂ ಕುತೂಹಲ ಅಂಟಿಕೊಂಡಿತ್ತು. ಇನ್ನೊಂದು ರಾತ್ರಿ ನೋಡೋಣ ಎಂದು ತನ್ನ ಫೋನನ್ನು ರೆಕಾರ್ಡಿಗೆ ಹಾಕಿ ನಮ್ಮ ದಿಂಬಿನ ಹತ್ತಿರ ಇಟ್ಟುಹೋದಳು.

ಆ ರಾತ್ರಿಯೂ ಒದ್ದೆಯಾಯಿತು. ಬೆಳಿಗ್ಗೆ ಮೂವರೂ ಫೋನಿನ ಸುತ್ತ ಕೂತೆವು. ಪುಟ್ಟಿ ಮೇಜಿನ ಕೆಳಗೆ ಗೊಂಬೆಗೆ ಸ್ನಾನ ಮಾಡಿಸುತ್ತಿದ್ದಳು. ಸೊಸೆ ಬೆರಳಿನಿಂದ ಸರಸರ ಮುಂದಕ್ಕೆ ತಳ್ಳಿ ಒಂದೆಡೆ ನಿಲ್ಲಿಸಿದಳು. ಮೊದಲು ಫ್ಯಾನಿನ ಗರಗರ. ಆಮೇಲೆ ನನ್ನ ಉಸಿರು. ರಾತ್ರಿ ನಾನು ಹಲ್ಲಿನ ಸೆಟ್ಟನ್ನು ಕಳಚಿ ಬಟ್ಟಲಲ್ಲಿ ಇಟ್ಟು ಮಲಗುವವಳು. ಗಾಢ ನಿದ್ದೆ ಹತ್ತಿದ ಮೇಲೆ ಆ ಬೋಳು ಬಾಯಿಂದ ಗಾಳಿ ಹೊರಡುವುದು ನನ್ನ ಕಿವಿಗೆ ಬಿದ್ದಿದ್ದು ಅದೇ ಮೊದಲು:

"ಸ್ಸ್‌ಸ್‌ಸ್‌ಸ್..."

ಮೂರು ಸಲ. ಉದ್ದಕ್ಕೆ, ಸ್ಪಷ್ಟವಾಗಿ, ಬಚ್ಚಲಲ್ಲಿ ಹೇಗೋ ಹಾಗೆಯೇ. ನಾಲ್ಕನೆಯದಕ್ಕೆ ಪುಟ್ಟಿಯ ನಿದ್ದೆಗಣ್ಣಿನ ದನಿ ಕೇಳಿಸಿತು. ಎಷ್ಟು ವಿಧೇಯ ಮಗು!

"ಹೂಂ ಅಜ್ಜಿ. ಮಾಡ್ತಿದೀನಿ."

ನಿದ್ದೆ ಬಾರದ ರಾತ್ರಿ ಹಾಸಿಗೆ ಯಾಕೆ ಒಣಗಿರುತ್ತಿತ್ತು ಎಂದು ನನಗೆ ಅರ್ಥವಾಯಿತು. ಮಗ ನಗುವನ್ನು ತಡೆಯಲು ಬಾಯಿಗೆ ಟವೆಲ್ ಒತ್ತಿಕೊಂಡ. ಸೊಸೆ ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು.

"ಅತ್ತೆ," ಅಂದಳು ಮೆತ್ತಗೆ, "ಬೇರೆ ಕೋಣೆಗೆ ಕಳಿಸಬೇಕಾಗಿರೋದು ಮಗುವನ್ನಲ್ಲ."

ಹಾಗಾಗಿ ಆ ರಾತ್ರಿಯಿಂದ ಸೊಸೆ ನನ್ನ ದೊಡ್ಡ ಮಂಚಕ್ಕೆ ಬಂದಳು. ನಾನು ದಿಂಬು ಹಿಡಿದುಕೊಂಡು ಮಗನ ಕೋಣೆಗೆ ಹೋದೆ. ಪುಟ್ಟಿ ಬಾಗಿಲವರೆಗೂ ಬಂದು ಕೈಬೀಸಿ ಬೀಳ್ಕೊಟ್ಟಳು. ಬೆಳಿಗ್ಗೆ ಅವರ ಹಾಸಿಗೆ ಒಣ. ಮರುದಿನವೂ ಒಣ. ಮನಸ್ಸಿಗೆ ಸ್ವಲ್ಪ ಕಸಿವಿಸಿಯಾದರೂ ಮಗು ಗೆದ್ದಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮೂರನೆಯ ದಿನ ಮಗ ಊದಿದ ಕಣ್ಣು ಹೊತ್ತು ತಿಂಡಿಗೆ ಬಂದ. ಯಾವುದಾದರೂ ಡಾಕ್ಟರಿಗೆ ತೋರಿಸಬೇಕು ಅಂದ. ಇಷ್ಟು ವರ್ಷ ಇಲ್ಲದ್ದು, ಈ ಮೂರು ದಿನದಿಂದ ರಾತ್ರಿಗೆ ನಾಲ್ಕು ನಾಲ್ಕು ಸಲ ಎದ್ದು ಬಚ್ಚಲಿಗೆ ಓಡಬೇಕಾಗಿದೆಯಂತೆ. ನಿನ್ನೆಯಂತೂ ಬಾಗಿಲು ಮುಟ್ಟುವುದೇ ಕಷ್ಟವಾಗಿತ್ತಂತೆ. "ಸಕ್ಕರೆ ಕಾಯಿಲೆ ಏನಾದ್ರೂ ಶುರುವಾಯ್ತಾ ಅಂತ ಭಯ ಆಗ್ತಿದೆ ಕಣೇ."

ಸೊಸೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಲೋಟದೊಳಗೆ ಮುಖ ಇಟ್ಟೆ. ಅವನು ನನ್ನ ನಾಲ್ವರಲ್ಲಿ ಕೊನೆಯವನು. ಎಲ್ಲರಿಗಿಂತ ಬೇಗ ಕಲಿತವನು. ಮೂವತ್ತಾರು ವರ್ಷವಾದರೂ ತಾಯಿ ಹೇಳಿಕೊಟ್ಟ ವಿದ್ಯೆ ಮರೆತಿಲ್ಲ!

ಈಗ ನಾನು ನಡುಮನೆಯ ಸೋಫಾದ ಮೇಲೆ ಒಬ್ಬಳೇ ಮಲಗುತ್ತೇನೆ. ಮನೆಮಂದಿಯೆಲ್ಲ ಒಣಗಿದ್ದಾರೆ. ದೀಪ ಆರಿಸುವ ಮೊದಲು ಸೊಸೆ ನನಗೆ ಹೊದಿಕೆ ಹೊದೆಸಿ, ಎರಡೂ ಕೋಣೆಗಳ ಬಾಗಿಲು ಹಾಕಿ, ಬಾಗಿಲ ಸಂದಿಗೆ ಬಟ್ಟೆ ತುರುಕುತ್ತಾಳೆ.